ನಾವು ಹಾಕದ ಟಿಕ್ ಗುರುತು

‘ತಮ್ಮಾ, ಒಂದೀಟು ಮನೀಗೆ ಬಾರಪಾ. ನಮ್ಮ ಕಂಪ್ಯೂಟರಿನ್ಯಾಗ ಯಾರೋ ಬಂದು ಕುಂತಾರ.’

ಭಾನುವಾರ ಬೆಳಿಗ್ಗೆ ಎಂಟಕ್ಕೇ ಪಕ್ಕದ ಓಣಿಯ ಮಾಸ್ತರರ ಫೋನು. ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಮಗ ಹಳೆಯದಾಯಿತೆಂದು ಬಿಟ್ಟುಹೋದ ಕಂಪ್ಯೂಟರಿನಲ್ಲಿ ಪೆನ್ಶನ್ ಲೆಕ್ಕ ಇಡುತ್ತಾರೆ, ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳುತ್ತಾರೆ, ಸಂಜೆ ಮೊಮ್ಮಗಳ ಜೊತೆ ಮಾತಾಡುತ್ತಾರೆ. ಅದರಾಚೆ ಅವರಿಗೂ ಆ ಪೆಟ್ಟಿಗೆಗೂ ವ್ಯವಹಾರವಿಲ್ಲ.

ಹೋಗಿ ನೋಡಿದರೆ ನಿಜಕ್ಕೂ ಯಾರೋ ಬಂದು ಕೂತಿದ್ದರು. ಕಂಪ್ಯೂಟರ್ ಶುರುವಾದ ಕೂಡಲೇ ಒಂದು ವಿಡಿಯೊ ಪ್ಲೇಯರ್ ತಾನೇ ತಾನಾಗಿ ಎದ್ದು ಪರದೆ ತುಂಬ ಹರಡಿಕೊಂಡಿತು. ಬಲಗಡೆ ಕೆಳಮೂಲೆಯಿಂದ ಒಂದು ಡಬ್ಬಿ ಮೇಲೆದ್ದು ಯಾವುದೋ ಆಟಕ್ಕೆ ಕರೆಯಿತು. ಬ್ರೌಸರ್ ತೆರೆದರೆ ಗೂಗಲ್ ಇರಬೇಕಾದ ಜಾಗದಲ್ಲಿ ಹೆಸರೇ ಕೇಳದ ಹುಡುಕುಪುಟ, ಅದರ ತಲೆಯ ಮೇಲೊಂದು ಟೂಲ್‌ಬಾರ್. ಇಷ್ಟು ಸಾಲದೆಂಬಂತೆ ‘ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ, ಸರಿಪಡಿಸಲು ಹಣ ಕಟ್ಟಿ’ ಎಂದು ಕೆಂಪಕ್ಷರದಲ್ಲಿ ಹೆದರಿಸುವ ಇನ್ನೊಬ್ಬ ಆಸಾಮಿ. ಮನ್ಸೂರರ ಹಾಡಿನ ಮೇಲೆ ಎರಡು ಸಲ ಒತ್ತಿದರೆ ಮೊದಲು ಜಾಹೀರಾತು, ಆಮೇಲೆ ವಚನ.

‘ನಾ ಏನೂ ಮಾಡಿಲ್ಲೋ. ಅದು ಕೇಳ್ತು, ನಾ ನೆಕ್ಸ್ಟ್ ಒತ್ತಿದೆ. ಮತ್ತ ಕೇಳ್ತು, ಮತ್ತ ನೆಕ್ಸ್ಟ್ ಒತ್ತಿದೆ. ಎಷ್ಟ್ ಸಲ ಅಂತ ಓದೂದು?’ ಎಂದರು ಮಾಸ್ತರರು. ಚಹಾ ತಂದ ಕಾಕು, ‘ಹಾಡು ಕೇಳೂದು ಬಿಟ್ಟು ಮೂರು ದಿನಾತು. ಬರೇ ಆ ಡಬ್ಬಿ ಮುಚ್ಚೂದ ಆಗೇದ ಇವರಿಗೆ’ ಎಂದು ದೂರು ದಾಖಲಿಸಿದರು.

ಮೂಲ ಕಾರಣ ಒಂದು ಮದುವೆ. ಮಗಳ ಮದುವೆಯ 2003ರ ವಿಸಿಡಿ ಗೀರು ಬಿದ್ದು ಹಾಳಾಗುವ ಮೊದಲು ಸ್ಟುಡಿಯೊದವರು ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದರು. ಫೈಲಿನ ಹೆಸರಿನ ಬಾಲದಲ್ಲಿ ‘ಡಿಎಟಿ’ ಎಂಬ ಮೂರಕ್ಷರ. ಅದನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ಕೇಳಿತು. ಮಾಸ್ತರರು ಇಂಟರ್ನೆಟ್ಟಿನಲ್ಲಿ ಹುಡುಕಿದರು. ದೊಡ್ಡ ಹಸಿರು ಬಟನ್ ಒಂದು ‘ಉಚಿತ’ ಎಂದಿತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಗಾದೆ ನಮ್ಮಲ್ಲಿದೆಯಲ್ಲ; ಇಲ್ಲಿ ಕೇಳದೆಯೇ ಅಪ್ಪನಿಗೂ ಅಜ್ಜನಿಗೂ ಕಟ್ಟಿಕೊಟ್ಟಿದ್ದರು.

ಇಳಿಸಿಕೊಂಡ ಆ ಫೈಲ್ ಇನ್ನೂ ಅಲ್ಲೇ ಇತ್ತು. ಏನಾಯಿತೆಂದು ತೋರಿಸಲು ಅದನ್ನೇ ಮತ್ತೊಮ್ಮೆ ಓಡಿಸಿ, ಒಂದೊಂದು ಪರದೆಗೂ ನಿಂತೆ. ಮೂರನೆಯ ಪರದೆಯ ತಳದಲ್ಲಿ, ಬಿಳಿಯ ಮೇಲೆ ತೆಳು ಬೂದು ಅಕ್ಷರಗಳಲ್ಲಿ, ನಾಲ್ಕು ಪುಟ್ಟ ಚೌಕಗಳು. ನಾಲ್ಕರಲ್ಲೂ ಆಗಲೇ ಟಿಕ್ ಗುರುತು. ಮಾಸ್ತರರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಾಗಿದರು.

‘ಇದನ್ನ ಯಾರು ಹಾಕ್ಯಾರ?’

‘ಅವರ ಹಾಕ್ಯಾರ್ರಿ.’

‘ಅಂದ್ರ, ಹುಡುಗೂರು ತಮ್ಮ ಉತ್ತರಪತ್ರಿಕಾದಾಗ ತಾವ ರೈಟ್ ಹಾಕ್ಕೊಂಡು ಬಂದಂಗಾತಲ್ಲೋ!’

ಆ ಪ್ಲೇಯರಿನ ಹೆಸರು ಇಲ್ಲಿ ಬೇಡ. ಅದು ಹೋದರೆ ಅದರ ತಮ್ಮ ಬರುತ್ತಾನೆ. ಆದರೆ ಮಾಸ್ತರರು ಒಂದೇ ಮಾತಿನಲ್ಲಿ ಹೇಳಿದ್ದು ಈ ಇಡೀ ವ್ಯವಹಾರದ ಸಾರ. ಮೂವತ್ತು ವರ್ಷಗಳಿಂದ ಮೀಡಿಯಾ ಪ್ಲೇಯರುಗಳ ಸುತ್ತ ನಡೆದಿರುವ ಜಗಳಗಳನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವ ಪ್ರಶ್ನೆ ಇದೇ: ನಮ್ಮ ಪತ್ರಿಕೆಯ ಮೇಲೆ ಟಿಕ್ ಹಾಕಿದ್ದು ಯಾರು?

ಹಾಡಿನ ಹಿಂದೆ ಬಂದ ಲೆಕ್ಕಿಗ

1995ರ ಏಪ್ರಿಲ್. ಅಮೆರಿಕದ ಸಿಯಾಟಲ್‌ನಲ್ಲಿ ಮೈಕ್ರೋಸಾಫ್ಟ್ ಬಿಟ್ಟು ಹೊರಬಂದಿದ್ದ ರಾಬ್ ಗ್ಲೇಸರ್ ಎಂಬವರ ಕಂಪನಿ ‘ರಿಯಲ್ ಆಡಿಯೊ’ ಬಿಡುಗಡೆ ಮಾಡಿತು. ಅಲ್ಲಿಯವರೆಗೆ ಇಂಟರ್ನೆಟ್ಟಿನ ಹಾಡು ಕೇಳಬೇಕಾದರೆ ಪೂರ್ತಿ ಇಳಿಯುವ ತನಕ ಕಾಯಬೇಕಿತ್ತು. ಇದು ಹಾಗಲ್ಲ, ಇಳಿಯುತ್ತಿರುವಾಗಲೇ ಹಾಡುತ್ತಿತ್ತು. ಸೆಕೆಂಡಿಗೆ 14.4 ಕಿಲೋಬಿಟ್‌ನ ಟೆಲಿಫೋನ್ ಮೋಡೆಮ್ಮಿನಲ್ಲೂ ದನಿ ಕೇಳಿಸುತ್ತಿತ್ತು. ಅದೇ ವರ್ಷ ಸೆಪ್ಟೆಂಬರ್ 5ರಂದು ಸಿಯಾಟಲ್ ಮತ್ತು ನ್ಯೂಯಾರ್ಕ್ ತಂಡಗಳ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಇಂಟರ್ನೆಟ್ಟಿನಲ್ಲಿ ನೇರವಾಗಿ ಹರಿಯಿತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟು ಆಗಿನ್ನೂ ಮೂರು ವಾರ.

ಮುಂದಿನ ಹತ್ತು ವರ್ಷ ಇದೇ ಕಂಪನಿಯ ರಿಯಲ್ ಪ್ಲೇಯರ್ ಇಲ್ಲದ ಕಂಪ್ಯೂಟರ್ ವಿರಳ. 2000ದ ಆಸುಪಾಸಿನಲ್ಲಿ ರಾಗಾ, ಮ್ಯೂಸಿಕ್ ಇಂಡಿಯಾ ಆನ್‌ಲೈನ್‌ನಂಥ ತಾಣಗಳಲ್ಲಿ ಭಾರತೀಯ ಭಾಷೆಗಳ ಹಾಡು ಕೇಳಲು ಅದೇ ಬೇಕಿತ್ತು. ಅಮೆರಿಕದ ಚಳಿಗಾಲದಲ್ಲಿ ಕೂತು ಅಣ್ಣಾವ್ರ ಹಾಡು ಕೇಳಿದ ಕನ್ನಡಿಗರಿಗೆ ‘ಬಫರಿಂಗ್’ ಎಂಬ ಪದ ಮನಸ್ಸಿನಲ್ಲಿ ಅಚ್ಚಾಗಿದ್ದು ಹೀಗೆ. ಪಲ್ಲವಿ ಮುಗಿದು ಚರಣಕ್ಕೆ ಬರುವಷ್ಟರಲ್ಲಿ ಹಾಡು ನಿಂತು, ಶೇಕಡಾವಾರು ಅಂಕಿ ನಿಧಾನವಾಗಿ ಏರುತ್ತಿತ್ತು.

1999ರ ಶರತ್ಕಾಲದಲ್ಲಿ ರಿಚರ್ಡ್ ಸ್ಮಿತ್ ಎಂಬ ಭದ್ರತಾ ತಜ್ಞರು ಒಂದು ಕುತೂಹಲದ ಕೆಲಸ ಮಾಡಿದರು. ಅದೇ ಕಂಪನಿಯ ‘ರಿಯಲ್ ಜೂಕ್‌ಬಾಕ್ಸ್’ ಓಡುತ್ತಿರುವಾಗ ತಮ್ಮ ಕಂಪ್ಯೂಟರಿನಿಂದ ಹೊರಗೆ ಏನು ಹೋಗುತ್ತಿದೆ ಎಂದು ತಂತಿಯ ಮೇಲೆ ಕಿವಿಯಿಟ್ಟರು. ಯಾವ ಸಿಡಿ ಹಾಕಿದಿರಿ, ಡಿಸ್ಕಿನಲ್ಲಿ ಎಷ್ಟು ಹಾಡುಗಳಿವೆ, ಯಾವ ಬಗೆಯ ಸಂಗೀತ ಇಷ್ಟ – ಎಲ್ಲವೂ ಕಂಪನಿಗೆ ಹೋಗುತ್ತಿತ್ತು. ಜೊತೆಗೆ ಆ ಕಂಪ್ಯೂಟರಿಗೇ ಮೀಸಲಾದ ಗುರುತಿನ ಸಂಖ್ಯೆ. ಸಾಫ್ಟ್‌ವೇರ್ ನೋಂದಣಿ ಮಾಡುವಾಗ ಹೆಸರು, ಇಮೇಲ್ ಕೊಟ್ಟಿದ್ದವರ ಮಟ್ಟಿಗೆ ಅದು ಬರೀ ಸಂಖ್ಯೆಯಾಗಿ ಉಳಿಯುತ್ತಿರಲಿಲ್ಲ. ಸುದ್ದಿ ಪತ್ರಿಕೆಗಳಿಗೆ ಬಂದ ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ತಿದ್ದುಪಡಿ ಬಿಡುಗಡೆ ಮಾಡಿತು. ಹಾಡಲು ಕರೆದವನು ಲೆಕ್ಕದ ಪುಸ್ತಕವನ್ನೂ ತಂದಿದ್ದ ಎಂಬುದು ಜನರಿಗೆ ಗೊತ್ತಾಗಿತ್ತು.

ಒಳ್ಳೆಯ ಕೆಲಸ ಕಲಿತ ಸಾಫ್ಟ್‌ವೇರ್ ಹೀಗೇಕೆ ಕೆಟ್ಟ ಚಾಳಿ ಕಲಿಯಿತು? ಕಾರಣ ಹೊಟ್ಟೆಪಾಡು. ಕೇಳುಗರಿಗೆ ಪ್ಲೇಯರ್ ಪುಕ್ಕಟೆ ಕೊಟ್ಟು, ಹಾಡು ಬಿತ್ತರಿಸುವವರಿಗೆ ಸರ್ವರ್ ಸಾಫ್ಟ್‌ವೇರ್ ಮಾರುವುದು ರಿಯಲ್‌ನವರ ಲೆಕ್ಕಾಚಾರ. ಅಷ್ಟರಲ್ಲಿ ಮೈಕ್ರೋಸಾಫ್ಟ್ ಪ್ಲೇಯರನ್ನೂ ಸರ್ವರನ್ನೂ ವಿಂಡೋಸ್ ಜೊತೆಗೇ ಕೊಡತೊಡಗಿತು. ಅಂಗಡಿಯ ಎದುರೇ ಅನ್ನಸಂತರ್ಪಣೆ ಶುರುವಾದರೆ ಖಾನಾವಳಿಯವನು ಏನು ಮಾಡಬೇಕು? ರಿಯಲ್ ಪ್ಲೇಯರ್ ಚಂದಾ ಮಾರತೊಡಗಿತು, ಜಾಹೀರಾತು ತೋರಿಸತೊಡಗಿತು. ತಾಣದಲ್ಲಿ ಹಣದ ಆವೃತ್ತಿಯ ಬಟನ್ ಕಣ್ಣಿಗೆ ರಾಚುವಂತೆ ದೊಡ್ಡದಾಯಿತು, ಉಚಿತ ಆವೃತ್ತಿಯ ಕೊಂಡಿ ಭೂತಗನ್ನಡಿ ಹಿಡಿದು ಹುಡುಕುವಷ್ಟು ಸಣ್ಣದಾಯಿತು. ಕಂಪ್ಯೂಟರ್ ಶುರುವಾದಾಗಲೆಲ್ಲ ‘ರಿಯಲ್‌ಸ್ಕೆಡ್’ ಎಂಬ ಪುಟ್ಟ ಪ್ರೋಗ್ರಾಮೊಂದು ಸದ್ದಿಲ್ಲದೆ ಎದ್ದು ಕೂರುತ್ತಿತ್ತು. ಅದನ್ನು ಪಟ್ಟಿಯಿಂದ ಕಿತ್ತುಹಾಕಿದರೂ ಪ್ಲೇಯರ್ ತೆರೆದೊಡನೆ ಮತ್ತೆ ಹಾಜರು.

2006ರಲ್ಲಿ ‘ಪಿಸಿ ವರ್ಲ್ಡ್’ ಪತ್ರಿಕೆ ಸಾರ್ವಕಾಲಿಕ ಕೆಟ್ಟ ತಂತ್ರಜ್ಞಾನ ಉತ್ಪನ್ನಗಳ ಪಟ್ಟಿ ಮಾಡಿದಾಗ ರಿಯಲ್ ಪ್ಲೇಯರಿಗೆ ಎರಡನೇ ಸ್ಥಾನ ಕೊಟ್ಟಿತು. 2008ರ ಜನವರಿಯಲ್ಲಿ ಹಾರ್ವರ್ಡ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧನಾ ಕೇಂದ್ರಗಳು ನಡೆಸುತ್ತಿದ್ದ ‘ಸ್ಟಾಪ್ ಬ್ಯಾಡ್‌ವೇರ್’ ಯೋಜನೆ ಅದರ ಎರಡು ಆವೃತ್ತಿಗಳನ್ನು ಕೆಟ್ಟ ಸಾಫ್ಟ್‌ವೇರ್ ಎಂದು ಸಾರಿತು. ಒಂದರ ಮೇಲಿನ ಆರೋಪ, ‘ಮೆಸೇಜ್ ಸೆಂಟರ್’ ಹೆಸರಿನಲ್ಲಿ ಜಾಹೀರಾತು ಯಂತ್ರ ಕೂರಿಸುವುದನ್ನು ಬಳಕೆದಾರರಿಗೆ ಸರಿಯಾಗಿ ಹೇಳಿರಲಿಲ್ಲ. ಇನ್ನೊಂದರ ಮೇಲಿನ ಆರೋಪ, ಜೊತೆಗೆ ಬೇರೊಂದು ಸಂಗೀತ ಸಾಫ್ಟ್‌ವೇರನ್ನು ಹೇಳದೆ ಹಾಕಿ, ತೆಗೆಯುವಾಗ ಅದನ್ನು ಹಾಗೇ ಬಿಟ್ಟುಹೋಗುತ್ತಿತ್ತು. ಬಾಡಿಗೆದಾರ ಮನೆ ಖಾಲಿ ಮಾಡಿದ, ಅವನ ಭಾವಮೈದುನ ಮಾತ್ರ ಅಟ್ಟದ ಮೇಲೆ ಉಳಿದುಕೊಂಡ.

ಸಿಡಿಯೊಳಗಿನ ಕಳ್ಳಗಿಂಡಿ

ಬಿಟ್ಟಿ ಸಾಫ್ಟ್‌ವೇರಿನ ಹಣೆಬರಹವೇ ಇಷ್ಟು, ದುಡ್ಡು ಕೊಟ್ಟು ಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರು 2005ರ ಸೋನಿ ಬಿಎಂಜಿ ಪ್ರಕರಣ ಕೇಳಬೇಕು.

ಆ ವರ್ಷ ಅಮೆರಿಕದಲ್ಲಿ ಮಾರಾಟವಾದ ಆ ಕಂಪನಿಯ ಹಲವು ಸಂಗೀತ ಸಿಡಿಗಳನ್ನು ಕಂಪ್ಯೂಟರಿನಲ್ಲಿ ಕೇಳಬೇಕಾದರೆ ಸಿಡಿಯೊಳಗೇ ಇದ್ದ ಪ್ಲೇಯರನ್ನು ಒಪ್ಪಿಕೊಳ್ಳಬೇಕಿತ್ತು. ಜನ ಒಪ್ಪಿಕೊಂಡರು. ಹಾಡು ಬಂತು. ಅದರೊಂದಿಗೆ, ಹಾಡು ನಕಲು ಮಾಡದಂತೆ ಕಾಯುವ ‘ಎಕ್ಸ್‌ಸಿಪಿ’ ಎಂಬ ಕಾವಲುಗಾರನೂ ಬಂದು ವಿಂಡೋಸಿನ ತಳಪಾಯದಲ್ಲಿ ಅವಿತುಕೊಂಡ. ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ಪರಿಣತರು, ತಾವೇ ಸಹೋದ್ಯೋಗಿಯೊಂದಿಗೆ ಬರೆದ ಪರೀಕ್ಷಾ ಸಾಧನವನ್ನು ತಮ್ಮ ಕಂಪ್ಯೂಟರಿನಲ್ಲೇ ಓಡಿಸಿ ನೋಡಿದಾಗ ಕಾಣಬಾರದ್ದು ಕಂಡಿತು. ಅಕ್ಟೋಬರ್ 31ರಂದು ಅವರು ವಿವರಗಳನ್ನೆಲ್ಲ ಪ್ರಕಟಿಸಿದರು.

ಅದರ ಮರೆಮಾಚುವ ತಂತ್ರ ಸರಳವಾಗಿತ್ತು. ಡಾಲರ್ ಚಿಹ್ನೆ, ‘ಸಿಸ್’ ಎಂಬ ಮೂರು ಇಂಗ್ಲಿಷ್ ಅಕ್ಷರ, ಮತ್ತೆ ಡಾಲರ್ ಚಿಹ್ನೆ – ಹೆಸರು ಹೀಗೆ ಶುರುವಾಗುವ ಯಾವ ಫೈಲೂ ಕಂಪ್ಯೂಟರಿನ ಮಾಲೀಕನಿಗೆ ಕಾಣದಂತೆ ಅದು ಮಾಡುತ್ತಿತ್ತು. ಇಂಥ ಹುನ್ನಾರಕ್ಕೆ ‘ರೂಟ್‌ಕಿಟ್’ ಎನ್ನುತ್ತಾರೆ. ಆದರೆ ಕದ ಮುಚ್ಚಿಟ್ಟ ಕೋಣೆ ಒಬ್ಬನಿಗಷ್ಟೇ ಮೀಸಲಾಗಿ ಉಳಿಯುವುದಿಲ್ಲ. ಎರಡು ವಾರ ಕಳೆಯುವ ಮೊದಲೇ ವೈರಸ್ ಬರೆಯುವವರು ತಮ್ಮ ಫೈಲಿಗೂ ಅದೇ ಹೆಸರಿನ ತಲೆಕಟ್ಟು ಕೊಟ್ಟು ಅದೇ ಕೋಣೆಯಲ್ಲಿ ಅಡಗಿದರು. ಗಲಾಟೆಯಾದಾಗ ಕಂಪನಿ ಒಂದು ಅಳಿಸುವ ಸಾಧನ ಕೊಟ್ಟಿತು. ಅದು ಕಂಪ್ಯೂಟರಿನಲ್ಲಿ ಇನ್ನೂ ದೊಡ್ಡ ಬಾಗಿಲನ್ನೇ ತೆರೆದಿಡುತ್ತದೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್ಮನ್ ತೋರಿಸಿಕೊಟ್ಟರು. ಗಣೇಶನ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

52 ಆಲ್ಬಮ್ಮುಗಳು, ಅಂಗಡಿಗಳಿಗೆ ಹೋಗಿದ್ದ ಸುಮಾರು 47 ಲಕ್ಷ ಸಿಡಿಗಳು. ನವೆಂಬರ್‌ನಲ್ಲಿ ಕಂಪನಿ ಎಲ್ಲವನ್ನೂ ವಾಪಸ್ ಕರೆಸಿತು. ಟೆಕ್ಸಾಸ್ ರಾಜ್ಯ ಮೊಕದ್ದಮೆ ಹೂಡಿತು. 2007ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ರಾಜಿಯಂತೆ, ಇದನ್ನು ತೆಗೆಯಲು ಹೋಗಿ ಕಂಪ್ಯೂಟರ್ ಕೆಡಿಸಿಕೊಂಡವರಿಗೆ 150 ಡಾಲರ್‌ವರೆಗೆ ಪರಿಹಾರ ಕೊಡಲು ಒಪ್ಪಿತು. ಹಾಡಿಗೆ ಹಣ ಕೊಟ್ಟಿದ್ದು ಗ್ರಾಹಕ. ಆದರೆ ಆ ಕಾವಲುಗಾರನನ್ನು ಇಟ್ಟಿದ್ದು ಗ್ರಾಹಕನ ಮನೆ ಕಾಯಲು ಅಲ್ಲ, ಗ್ರಾಹಕನನ್ನೇ ಕಾಯಲು.

ಮನೆಯ ಜೊತೆಗೇ ಬಂದವನು

ಇನ್ನು ಮೈಕ್ರೋಸಾಫ್ಟ್. ಅದಕ್ಕೆ ಟಿಕ್ ಹಾಕುವ ಅಗತ್ಯವೇ ಇರಲಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರ್ ಮನೆ ಕಟ್ಟುವಾಗಲೇ ಗೋಡೆಯಲ್ಲಿ ಸೇರಿಕೊಂಡಿತ್ತು. ಇದು ಉಳಿದವರ ಅನ್ನಕ್ಕೆ ಕಲ್ಲು ಹಾಕುವ ಕೆಲಸ ಎಂದ ಯುರೋಪಿಯನ್ ಕಮಿಷನ್, 2004ರ ಮಾರ್ಚ್ 24ರಂದು 49.7 ಕೋಟಿ ಯೂರೊ ದಂಡ ಹಾಕಿ, ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರುವಂತೆ ಆದೇಶಿಸಿತು. ಹಾಗೆ ಹುಟ್ಟಿದ ‘ಎನ್’ ಆವೃತ್ತಿಯನ್ನು ಕೇಳಿದವರು ಬಲು ಕಡಿಮೆ. ಬೆಲೆ ಅಷ್ಟೇ, ಒಂದು ಸಾಮಾನು ಕಮ್ಮಿ ಎಂದರೆ ಯಾರು ಕೊಳ್ಳುತ್ತಾರೆ? 2005ರ ಅಕ್ಟೋಬರ್‌ನಲ್ಲಿ ರಿಯಲ್ ಪ್ಲೇಯರಿನ ಕಂಪನಿಯಾದ ರಿಯಲ್ ನೆಟ್‌ವರ್ಕ್ಸ್ ಜೊತೆ 76.1 ಕೋಟಿ ಡಾಲರ್‌ಗಳ ರಾಜಿ ಮಾಡಿಕೊಂಡು ಮೈಕ್ರೋಸಾಫ್ಟ್ ಆ ಜಗಳ ಮುಗಿಸಿತು. ರಿಯಲ್‌ನವರಿಗೆ ಹಣವೇನೋ ಬಂತು, ಕೇಳುಗರ ವಿಶ್ವಾಸ ಬರಲಿಲ್ಲ.

ಸಭ್ಯಸ್ಥನೆಂದು ಹೆಸರಾದ ಆಪಲ್ ಕೂಡ ಈ ಪರೀಕ್ಷೆಯಲ್ಲಿ ಒಮ್ಮೆ ಎಡವಿತು. ವಿಂಡೋಸ್ ಕಂಪ್ಯೂಟರುಗಳಲ್ಲಿ ಐಟ್ಯೂನ್ಸ್, ಕ್ವಿಕ್‌ಟೈಮ್ ಇಟ್ಟುಕೊಂಡವರಿಗೆ ಅವುಗಳ ಅಪ್‌ಡೇಟ್ ತಲುಪಿಸಲು ಆಪಲ್‌ನ ಒಂದು ಸಣ್ಣ ಪೆಟ್ಟಿಗೆ ಆಗಾಗ ತೆರೆದುಕೊಳ್ಳುತ್ತಿತ್ತು. 2008ರ ಮಾರ್ಚ್‌ನಲ್ಲಿ ಆ ಪಟ್ಟಿಯಲ್ಲಿ ಸಫಾರಿ ಬ್ರೌಸರ್ ಕೂಡ ಕಾಣಿಸಿಕೊಂಡಿತು. ಅದನ್ನು ಎಂದೂ ಹಾಕಿಕೊಳ್ಳದವರ ಕಂಪ್ಯೂಟರಿನಲ್ಲೂ ಅದರ ಎದುರು ಟಿಕ್ ಬಿದ್ದಿತ್ತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಮುಖ್ಯಸ್ಥರಾಗಿದ್ದ ಜಾನ್ ಲಿಲ್ಲಿ ಇದನ್ನು ಬಹಿರಂಗವಾಗಿಯೇ ಖಂಡಿಸಿದರು. ಅಪ್‌ಡೇಟ್ ಎಂದರೆ ಭದ್ರತೆಯ ಮದ್ದು ಎಂದು ಜನ ನಂಬಿ ಕುಡಿಯುತ್ತಾರೆ, ಅದರಲ್ಲಿ ನಿಮ್ಮ ಸರಕು ಬೆರೆಸಿದರೆ ನಾಳೆ ಮದ್ದನ್ನೇ ನಂಬುವುದಿಲ್ಲ ಎಂಬುದು ಆಕ್ಷೇಪದ ತಿರುಳು. ಮರುತಿಂಗಳು ಆಪಲ್ ಆ ಪಟ್ಟಿಯನ್ನು ‘ಅಪ್‌ಡೇಟ್’ ಮತ್ತು ‘ಹೊಸ ಸಾಫ್ಟ್‌ವೇರ್’ ಎಂದು ಎರಡಾಗಿ ಒಡೆಯಿತು.

ಕ್ವಿಕ್‌ಟೈಮ್ ಕಥೆಗೆ ಇನ್ನೊಂದು ಬಾಲವಿದೆ. ವಿಂಡೋಸಿನ ಕ್ವಿಕ್‌ಟೈಮ್‌ಗೆ ಆಪಲ್ ಅಪ್‌ಡೇಟ್ ನಿಲ್ಲಿಸಿತ್ತು. ಅದರಲ್ಲಿ ಎರಡು ಗಂಭೀರ ಲೋಪಗಳು ಸಿಕ್ಕಿದ್ದವು. 2016ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಘಟಕ ‘ಕೂಡಲೇ ತೆಗೆದುಹಾಕಿ’ ಎಂದು ಜನರಿಗೆ ಸಲಹೆ ಕೊಡಬೇಕಾಯಿತು. ಎಂದೋ ಹಾಕಿ ಮರೆತ ಪ್ಲೇಯರ್ ಹಿತ್ತಲ ಬಾಗಿಲಿನ ತುಕ್ಕು ಹಿಡಿದ ಚಿಲಕವಿದ್ದಂತೆ.

ಹಸಿರು ಬಟನ್ನಿನ ಸಂತೆ

ಮಾಸ್ತರರು ಬಿದ್ದ ಬಲೆ ಇವೆಲ್ಲಕ್ಕಿಂತ ಬೇರೆ ಮತ್ತು ಇಂದಿಗೂ ಹೆಚ್ಚು ಸಕ್ರಿಯ. ಇಲ್ಲಿ ಕೆಲವೊಮ್ಮೆ ಪ್ಲೇಯರ್ ಮಾಡಿದವನ ತಪ್ಪೇ ಇರುವುದಿಲ್ಲ. ಅದನ್ನು ಹಂಚುವ ಮಧ್ಯವರ್ತಿ ತಾಣ ತನ್ನದೇ ಹೊದಿಕೆ ಸುತ್ತಿ, ಆ ಹೊದಿಕೆಯೊಳಗೆ ಟೂಲ್‌ಬಾರ್ ತುರುಕಿರುತ್ತದೆ. ಒಂದೊಂದು ಟೂಲ್‌ಬಾರ್ ಕೂತಾಗಲೂ ಅದರ ಮಾಲೀಕರಿಂದ ಮಧ್ಯವರ್ತಿಗೆ ಕಮಿಷನ್. 2011ರಲ್ಲಿ ಆ ಕಾಲದ ಅತಿ ದೊಡ್ಡ ಡೌನ್‌ಲೋಡ್ ತಾಣವೇ ಹೀಗೆ ಮಾಡುತ್ತಿದೆ ಎಂದು ‘ಎನ್‌ಮ್ಯಾಪ್’ ಎಂಬ ಹೆಸರಾಂತ ಉಚಿತ ಸಾಧನದ ಕರ್ತೃ ಸಿಡಿದೆದ್ದರು. ಮುಕ್ತ ತಂತ್ರಾಂಶಗಳ ತವರೆನಿಸಿದ್ದ ಸೋರ್ಸ್‌ಫೋರ್ಜ್ ತಾಣವೂ 2013ರಲ್ಲಿ ಇದೇ ಹಾದಿ ಹಿಡಿದು ಹೆಸರು ಕೆಡಿಸಿಕೊಂಡಿತು. 2016ರಲ್ಲಿ ಅದನ್ನು ಕೊಂಡ ಹೊಸ ಮಾಲೀಕರು ಬಂದೊಡನೆ ಮಾಡಿದ ಕೆಲಸವೆಂದರೆ ಆ ಪದ್ಧತಿಯನ್ನು ನಿಲ್ಲಿಸಿದ್ದು.

ಇದಕ್ಕಿಂತ ಅಪಾಯದ ಇನ್ನೊಂದು ವೇಷವಿದೆ. ‘ಈ ವಿಡಿಯೊ ನೋಡಲು ಕೊಡೆಕ್ ಬೇಕು, ಇಲ್ಲಿ ಒತ್ತಿ’ ಎನ್ನುವ ಸಂದೇಶ. ಕೊಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸುವ ಮತ್ತು ಬಿಚ್ಚುವ ಸೂತ್ರ. 2005ರ ಕೊನೆಯಿಂದ ಹಬ್ಬಿದ ‘ಝ್ಲೋಬ್’ ಎಂಬ ಟ್ರೋಜನ್ ಕೊಡೆಕ್‌ನ ಮುಖವಾಡ ತೊಟ್ಟೇ ಮನೆಮನೆಗೆ ನುಗ್ಗಿತು. ಅಪ್‌ಡೇಟನ್ನೂ ಕುರುಡಾಗಿ ನಂಬುವಂತಿಲ್ಲ ಎಂಬುದಕ್ಕೆ ಜಪಾನಿನ ಮೊಂಜು ಅಣುಸ್ಥಾವರ ಸಾಕ್ಷಿ. 2014ರ ಜನವರಿ 2ರಂದು ಅಲ್ಲಿನ ನಿಯಂತ್ರಣ ಕೊಠಡಿಯ ಸಿಬ್ಬಂದಿಯೊಬ್ಬರು ಕಚೇರಿ ಕೆಲಸದ ಕಂಪ್ಯೂಟರಿನಲ್ಲಿ ಉಚಿತ ವಿಡಿಯೊ ಪ್ಲೇಯರ್ ಒಂದನ್ನು ಅಪ್‌ಡೇಟ್ ಮಾಡಿದರು. ಅದರ ಜೊತೆ ಬಂದ ದುಷ್ಟ ತಂತ್ರಾಂಶ ಆ ಕಂಪ್ಯೂಟರಿನಿಂದ ಹೊರಗೆ ಮಾಹಿತಿ ಕಳಿಸಿತು. ಅಣುಸ್ಥಾವರದಲ್ಲೇ ಈ ಗತಿಯಾದರೆ ಮಾಸ್ತರರ ಪಡಸಾಲೆಯ ಪಾಡೇನು?

ಟ್ರಾಫಿಕ್ ಕೋನಿನ ಗುರುತು

ಎಲ್ಲರೂ ಹೀಗೇ ಎಂದರೆ ತಪ್ಪಾಗುತ್ತದೆ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಕ್ಯಾಂಪಸ್ ಜಾಲದಲ್ಲಿ ಟಿವಿ ಹರಿಸಲು ಒಂದು ಪ್ರಾಜೆಕ್ಟ್ ಹಿಡಿದರು. ಅಲ್ಲಿಂದ ಬೆಳೆದದ್ದು ವಿಎಲ್‌ಸಿ. ಹುಡುಗರು ರಸ್ತೆಯಿಂದ ಎತ್ತಿಕೊಂಡು ಬಂದು ಗುಡ್ಡೆ ಹಾಕಿದ್ದ ಟ್ರಾಫಿಕ್ ಕೋನುಗಳ ನೆನಪಿಗೆ ಕಿತ್ತಳೆ ಕೋನೇ ಅದರ ಲಾಂಛನವಾಯಿತು. 2001ರ ಫೆಬ್ರುವರಿ 1ರಂದು ಕಾಲೇಜು ಅದನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲು ಒಪ್ಪಿತು. ಅಂದರೆ ಅದರ ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ಓದಬಹುದು. ಕಳ್ಳ ಕೋಣೆ ಕಟ್ಟಿದರೆ ಸಿಕ್ಕಿಬೀಳುತ್ತದೆ. ಜೊತೆಗೆ ಬೇಕಾದ ಕೊಡೆಕ್ಕುಗಳೆಲ್ಲ ಅದರೊಳಗೇ ಇರುವುದರಿಂದ ಊರೂರು ಅಲೆದು ಹುಡುಕುವ ಪ್ರಸಂಗವಿಲ್ಲ. ಜಾಹೀರಾತು ಮತ್ತು ಟೂಲ್‌ಬಾರ್ ತುಂಬಲು ಬಂದ ಕೋಟಿಗಟ್ಟಲೆ ಹಣದ ಆಹ್ವಾನಗಳನ್ನು ಅದರ ಮುಂದಾಳು ಜಾನ್ ಬ್ಯಾಪ್ಟಿಸ್ಟ್ ಕೆಂಪ್ಫ್ ನಿರಾಕರಿಸಿದ್ದನ್ನು ಸಾರ್ವಜನಿಕವಾಗಿಯೇ ಹೇಳಿಕೊಂಡಿದ್ದಾರೆ. 2025ರ ಜನವರಿಯ ಹೊತ್ತಿಗೆ ಅದರ ಡೌನ್‌ಲೋಡ್ ಸಂಖ್ಯೆ 600 ಕೋಟಿ ದಾಟಿತ್ತು.

ವಿಪರ್ಯಾಸವೆಂದರೆ ಭಾರತದಲ್ಲಿ ಈ ಸಜ್ಜನನ ಮನೆಗೇ ಬೀಗ ಬಿದ್ದಿತ್ತು. 2022ರ ಫೆಬ್ರುವರಿಯಿಂದ ವಿಎಲ್‌ಸಿಯ ಸ್ವಂತ ತಾಣವಾದ ವಿಡಿಯೊಲ್ಯಾನ್ ಇಲ್ಲಿನ ಹಲವು ಜಾಲಗಳಲ್ಲಿ ತೆರೆಯುತ್ತಿರಲಿಲ್ಲ. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ವಿಡಿಯೊಲ್ಯಾನ್‌ನವರು ಕೇಂದ್ರ ಸರ್ಕಾರಕ್ಕೆ ಲೀಗಲ್ ನೋಟಿಸ್ ಕಳಿಸಿದ ಮೇಲೆ ನವೆಂಬರ್‌ನಲ್ಲಿ ನಿರ್ಬಂಧ ತೆರವಾಯಿತು. ಆ ಒಂಬತ್ತು ತಿಂಗಳು ವಿಎಲ್‌ಸಿ ಬೇಕಾದವರು ಎಲ್ಲಿಗೆ ಹೋಗಬೇಕಿತ್ತು? ಮಧ್ಯವರ್ತಿ ತಾಣಗಳಿಗೆ, ಅದೇ ಹಸಿರು ಬಟನ್ನಿನ ಸಂತೆಗೆ.

ಒಕ್ಕಲೆಬ್ಬಿಸಿದ ಬಗೆ

ಮಾಸ್ತರರ ಮನೆಯಲ್ಲಿ ಕೆಲಸ ಒಂದು ತಾಸು ಹಿಡಿಯಿತು. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ ತೆರೆದು, ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿದೆವು. ಗುರುವಾರ ಬಂದವರೆಲ್ಲ ಒಟ್ಟಿಗೆ ಸಾಲುಗಟ್ಟಿ ಸಿಕ್ಕಿಬಿದ್ದರು: ಐದು ಹೆಸರು. ಒಬ್ಬೊಬ್ಬರನ್ನೇ ತೆಗೆಯುತ್ತ ಹೋದೆವು. ಹೊರಡುವಾಗಲೂ ಅವರ ಬುದ್ಧಿ ಬಿಡದು. ‘ಖಂಡಿತ ಹೋಗಲೇ?’ ಎಂದು ಕೇಳುವ ಪರದೆಯಲ್ಲಿ ‘ಇರಲಿ’ ಎಂಬ ಬಟನ್ ದಪ್ಪ, ಬಣ್ಣಬಣ್ಣ. ‘ತೆಗೆ’ ಎಂಬುದು ಬೂದು ಬಣ್ಣದ ಸಣ್ಣ ಅಕ್ಷರ. ಈ ಹೊತ್ತಿಗೆ ಪಳಗಿದ್ದ ಮಾಸ್ತರರು ‘ಆ ಸಣ್ಣದನ್ನ ಒತ್ತು’ ಎಂದು ಬೆರಳು ತೋರಿಸುತ್ತಿದ್ದರು.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆವು. ಅದರ ‘ಸ್ಟಾರ್ಟಪ್’ ಪುಟದಲ್ಲಿ, ಕಂಪ್ಯೂಟರ್ ಎದ್ದ ಕೂಡಲೇ ಎದ್ದು ಕೂರುವವರ ಪಟ್ಟಿ ಇರುತ್ತದೆ. ಅಗತ್ಯವಿಲ್ಲದವರನ್ನು ‘ಡಿಸೇಬಲ್’ ಮಾಡಿದೆವು. ಬ್ರೌಸರಿನ ಎಕ್ಸ್‌ಟೆನ್ಶನ್ ಪಟ್ಟಿಯಿಂದ ಟೂಲ್‌ಬಾರ್ ಕಿತ್ತು, ಮುಖಪುಟವನ್ನೂ ಹುಡುಕುಪುಟವನ್ನೂ ಮೊದಲಿನಂತೆ ಮಾಡಿದೆವು. ಅಟ್ಟದ ಮೇಲೆ ಉಳಿದ ಭಾವಮೈದುನರನ್ನು ಹುಡುಕಲು ‘ಆಟೋರನ್ಸ್’ ಎಂಬ ಉಚಿತ ಸಾಧನವಿದೆ. ಸೋನಿ ಪ್ರಕರಣ ಬಯಲಿಗೆಳೆದ ಅದೇ ರುಸಿನೋವಿಚ್ ಮತ್ತು ಅವರ ಸಹೋದ್ಯೋಗಿ ಬರೆದದ್ದು, ಈಗ ಮೈಕ್ರೋಸಾಫ್ಟ್ ತಾಣದಲ್ಲೇ ಸಿಗುತ್ತದೆ. ಆದರೆ ಅದು ಮನೆಮದ್ದಲ್ಲ. ಬಲ್ಲವರು ಪಕ್ಕದಲ್ಲಿದ್ದರಷ್ಟೇ ಮುಟ್ಟಬೇಕು. ಕೊನೆಗೆ ವಿಂಡೋಸಿನದೇ ಆ್ಯಂಟಿವೈರಸ್‌ನಿಂದ ಪೂರ್ತಿ ತಪಾಸಣೆ ಹಚ್ಚಿ ಊಟಕ್ಕೆದ್ದೆವು.

ಊಟವಾದ ಮೇಲೆ ವಿಡಿಯೊಲ್ಯಾನ್ ತಾಣದ ವಿಳಾಸವನ್ನು ಮಾಸ್ತರರೇ ಒಂದೊಂದು ಅಕ್ಷರ ಒತ್ತಿ ಬರೆದು, ವಿಎಲ್‌ಸಿ ಇಳಿಸಿಕೊಂಡರು. ಮೊದಲ ಸಲ ತೆರೆದಾಗ ಅದೂ ಒಂದು ಪ್ರಶ್ನೆ ಕೇಳಿತು: ಹಾಡಿನ ವಿವರಗಳನ್ನು ಇಂಟರ್ನೆಟ್ಟಿನಿಂದ ತರಲೇ? ಚೌಕದಲ್ಲಿ ಟಿಕ್ ಇತ್ತು. ಮಾಸ್ತರರು ನನ್ನ ಮುಖ ನೋಡಿದರು. ಸಜ್ಜನರ ಮನೆಯಲ್ಲೂ ಟಿಕ್! ಆದರೆ ವ್ಯತ್ಯಾಸ ಅವರಿಗೇ ಹೊಳೆಯಿತು. ಇಲ್ಲಿ ಅಕ್ಷರ ಸಣ್ಣದಿರಲಿಲ್ಲ, ಏಕೆ ಕೇಳುತ್ತಿದ್ದೇವೆ ಎಂದು ಬರೆದಿತ್ತು, ತೆಗೆದರೆ ಹಾಡು ನಿಲ್ಲುತ್ತಿರಲಿಲ್ಲ. ಆದರೂ ತೆಗೆದೇಬಿಟ್ಟರು. ‘ಮದಿವಿ ನಮ್ಮದು. ವಿವರಾ ಅವರ್ಯಾಕ ಹುಡುಕಬೇಕು?’

2003ರ ಮದುವೆ ಶುರುವಾಯಿತು. ಕಾಕು ಒಲೆ ಆರಿಸಿ ಬಂದು ಕೂತರು.

ಟಿಕ್ ಹಾಕುವ ಹಕ್ಕು

ಹಳೆಯ ಕಾಲದ ಟೂಲ್‌ಬಾರ್ ಹಾವಳಿ ತಗ್ಗಿರಬಹುದು, ಬುದ್ಧಿ ಬದಲಾಗಿಲ್ಲ. ಇಂದಿನ ಸಂಗೀತ ಆ್ಯಪ್‌ಗಳಿಗೂ ಕಂಪ್ಯೂಟರ್ ಎದ್ದೊಡನೆ ಏಳುವ ಚಪಲ. 2016ರಲ್ಲಿ ಸ್ಪಾಟಿಫೈನ ಡೆಸ್ಕ್‌ಟಾಪ್ ಆವೃತ್ತಿ ಸುಮ್ಮನಿದ್ದಾಗಲೂ ಡಿಸ್ಕಿನ ಮೇಲೆ ಹತ್ತಾರು ಗಿಗಾಬೈಟ್ ಗೀಚುತ್ತಿದ್ದುದನ್ನು ಬಳಕೆದಾರರು ಪತ್ತೆ ಹಚ್ಚಿ, ಗಲಾಟೆಯಾದ ಮೇಲೆ ಕಂಪನಿ ಸರಿಪಡಿಸಿತು. ಫೋನಿನಲ್ಲಿಟ್ಟ ವಿಡಿಯೊ ನೋಡಲು ನಮ್ಮವರು ನೆಚ್ಚಿಕೊಂಡಿದ್ದ ಎಂಎಕ್ಸ್ ಪ್ಲೇಯರ್, 2018ರಲ್ಲಿ ಟೈಮ್ಸ್ ಇಂಟರ್ನೆಟ್ ಕೈಗೆ ಹೋದ ಮೇಲೆ ಜಾಹೀರಾತಿನ ಸ್ಟ್ರೀಮಿಂಗ್ ಸೇವೆಯಾಗಿ ಬೆಳೆಯಿತು. ನಮ್ಮ ಫೈಲ್ ತೆರೆಯಲು ಹೋದರೂ ಅವರ ಅಂಗಡಿ ದಾಟಿಯೇ ಹೋಗಬೇಕಾಯಿತು.

ಕಾನೂನು ತಡವಾಗಿಯಾದರೂ ಮಾಸ್ತರರ ಪಕ್ಷ ಸೇರಿದೆ. 2019ರ ಅಕ್ಟೋಬರ್ 1ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಜರ್ಮನಿಯ ಆನ್‌ಲೈನ್ ಲಾಟರಿ ಕಂಪನಿಯೊಂದರ ಪ್ರಕರಣದಲ್ಲಿ, ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಎಂದರೆ ಮುಕ್ತವಾಗಿ, ತಿಳಿದು, ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಅದೇ ವರ್ಷ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್ ಕಣ್ಕಟ್ಟುಗಳನ್ನು 13 ಬಗೆಯಾಗಿ ವಿಂಗಡಿಸಿ ನಿಷೇಧಿಸಿದೆ. ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು, ಬಿಡದೆ ಪೀಡಿಸುವುದು, ಬೇಡದ್ದನ್ನು ಮಾಡಲು ಬಲವಂತ ಮಾಡುವುದು, ಹೆದರಿಸಿ ದುಷ್ಟ ತಂತ್ರಾಂಶ ಕೊಳ್ಳಿಸುವುದು – ಮಾಸ್ತರರ ಕಂಪ್ಯೂಟರಿನಲ್ಲಿ ಕೂತಿದ್ದವರ ಜಾತಕ ಬರೆದಂತಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ಪ್ಲೇಯರ್ ಎಲ್ಲೋ ತಯಾರಾಗಿ, ಟೂಲ್‌ಬಾರ್ ಇನ್ನೆಲ್ಲಿಂದಲೋ ಸೇರಿಕೊಂಡು, ಮತ್ತೊಂದು ದೇಶದ ಸರ್ವರಿನಿಂದ ಇಳಿಯುವಾಗ ಕಾನೂನಿನ ಕೈ ನಮ್ಮ ಓಣಿಗೆ ಬರುವುದು ನಿಧಾನ. ಅಲ್ಲಿಯವರೆಗೆ ನಮ್ಮ ಕಣ್ಣೇ ನಮಗೆ ಕಾವಲು. ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹಾಕಿಕೊಳ್ಳುವಾಗ ‘ಎಕ್ಸ್‌ಪ್ರೆಸ್’ ಬದಲು ‘ಕಸ್ಟಮ್’ ಆರಿಸಿ. ಪ್ರತಿ ಪರದೆಯ ತಳದ ಸಣ್ಣ ಅಕ್ಷರ ಓದಿ. ಕೊಡೆಕ್ ಬೇಕು ಎಂದು ಅಂಗಲಾಚುವ ಪುಟವನ್ನು ಮುಚ್ಚಿ.

ಮಾಸ್ತರರು ಈಗ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಹೊಸದೇನಾದರೂ ಹಾಕಿಕೊಳ್ಳಬೇಕಾದರೆ ಅದರ ಹೆಸರು, ದಿನಾಂಕ, ಎಲ್ಲಿಂದ ತಂದದ್ದು ಎಂದು ಬರೆಯುತ್ತಾರೆ. ಎಲ್ಲ ಪರದೆ ಓದಿ ಆದ ಮೇಲೆ ಮುಂದೆ ಕೆಂಪು ಪೆನ್ನಿನಿಂದ ಒಂದು ರೈಟ್ ಹಾಕುತ್ತಾರೆ. ಕಳೆದ ವಾರ ನೋಡಿದಾಗ ಆ ಪುಟದಲ್ಲಿ ಇದ್ದದ್ದು ಎರಡೇ ಹೆಸರು.

ಇವತ್ತು ಭಾನುವಾರ. ಪುರವಣಿ ಮಡಚಿಟ್ಟು ನಿಮ್ಮ ಮನೆಯ ಕಂಪ್ಯೂಟರಿನ ಸ್ಟಾರ್ಟಪ್ ಪಟ್ಟಿಯನ್ನೊಮ್ಮೆ ತೆರೆದು ನೋಡಿ. ಹತ್ತು ನಿಮಿಷದ ಕೆಲಸ. ಅಲ್ಲಿರುವವರಲ್ಲಿ ನೀವು ಕರೆದವರೆಷ್ಟು, ತಾವೇ ಬಂದು ಕೂತವರೆಷ್ಟು ಎಂದು ಎಣಿಸಿ. ಕರೆಯದವರನ್ನು ಕಳಿಸಿಬಿಡಿ.